ಬೆನ್ನುಹುರಿಯ ಗಡ್ಡೆಗೆ ಶಸ್ತ್ರಚಿಕಿತ್ಸೆ: ಏನು ಫಲ, ಏನು ತೊಡಕು, ಮನೆಯವರು ಏನು ಮಾಡಬೇಕು

ಬೆನ್ನಿಗೆ ಕತ್ತಿ ತಾಗಿಸಿದರೆ ಕಾಲು ಹೋದಂತೆಯೇ ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿದೆ. ಎಂಆರ್‌ಐ ವರದಿ ಕೈಗೆ ಬಂದ ದಿನವೇ ಇದನ್ನು ಹೇಳಲು ನೆಂಟರು, ನೆರೆಯವರು ಮನೆಗೆ ಬರುತ್ತಾರೆ. ಅದನ್ನು ಕೇಳಿ ಹಬ್ಬ ಮುಗಿಯಲಿ, ಮದುವೆ ಮುಗಿಯಲಿ ಎಂದು ಮುಂದೂಡಿದವರು ಕೊನೆಗೆ ಗಾಲಿಕುರ್ಚಿಯಲ್ಲಿ ಆಸ್ಪತ್ರೆಗೆ ಬರುತ್ತಾರೆ. ಆಗ ಶಸ್ತ್ರಚಿಕಿತ್ಸೆಯಾದರೂ ಕಾಲಿಗೆ ಪೂರ್ತಿ ಬಲ ಮರಳುವುದಿಲ್ಲ. ಅಪವಾದ ಮಾತ್ರ ಆಪರೇಷನ್ನಿನ ತಲೆಗೆ ಕಟ್ಟುತ್ತದೆ, ಹಳೆಯ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ.

ನಿಜವಾದ ಲೆಕ್ಕ ಬೇರೆ. ಈ ಶಸ್ತ್ರಚಿಕಿತ್ಸೆಯ ಫಲವನ್ನು ಬೇರೆಲ್ಲ ಕಾರಣಗಳಿಗಿಂತ ಹೆಚ್ಚಾಗಿ ನಿರ್ಧರಿಸುವುದು ಆಪರೇಷನ್ ಥಿಯೇಟರಿಗೆ ಹೋಗುವ ದಿನ ರೋಗಿ ಎಷ್ಟು ನಡೆಯುತ್ತಿದ್ದರು ಎಂಬ ಸಂಗತಿ. ನಡೆಯುತ್ತ ಹೋದವರು ಬಹುಪಾಲು ನಡೆಯುತ್ತಲೇ ಉಳಿಯುತ್ತಾರೆ. ಕಾಲಿನ ಸ್ವಾಧೀನ ಪೂರ್ತಿ ತಪ್ಪಿ ದಿನಗಳಾದ ಮೇಲೆ ಹೋದವರಿಗೆ ಅದು ಮರಳುವ ಅವಕಾಶ ಕಡಿಮೆ. ಕೆಳಗೆ ಹೇಳಿರುವ ಹಂತಗಳಲ್ಲಿ ಹೆಚ್ಚಿನವು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದವು.

ಹಂತ 1: ಗಡ್ಡೆ ಯಾವ ಪದರದಲ್ಲಿದೆ ಎಂದು ಕೇಳಿ

ವರದಿ ನೋಡಿದೊಡನೆ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ‘ಇದು ಕ್ಯಾನ್ಸರೇ?’ ಎಂಬುದು. ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಗಡ್ಡೆ ಬೆನ್ನುಹುರಿಯ ಹೊರಗಿದೆಯೋ, ಒಳಗಿದೆಯೋ? ಬೆನ್ನುಹುರಿ ಡ್ಯೂರಾ ಎಂಬ ಗಟ್ಟಿ ಪೊರೆಯ ಚೀಲದೊಳಗೆ, ಸಿಎಸ್‌ಎಫ್ ಎಂಬ ತಿಳಿನೀರಿನಂಥ ದ್ರವದ ನಡುವೆ ಇರುತ್ತದೆ. ಚೀಲದ ಸುತ್ತ ಬೆನ್ನುಮೂಳೆಯ ಮಣಿಗಳಿವೆ. ಗಡ್ಡೆ ಮೂಳೆಯಲ್ಲಿ ಅಥವಾ ಚೀಲದ ಹೊರಗಿರಬಹುದು. ಚೀಲದೊಳಗೆ, ಆದರೆ ಹುರಿಯ ಹೊರಗೆ ಇರಬಹುದು. ಹುರಿಯ ಒಡಲಲ್ಲೇ ಬೆಳೆದಿರಬಹುದು. ಮೂರಕ್ಕೂ ಶಸ್ತ್ರಚಿಕಿತ್ಸೆ ಬೇರೆ, ಅಪಾಯ ಬೇರೆ, ನಿರೀಕ್ಷೆಯೂ ಬೇರೆ.

ಚೀಲದೊಳಗೆ, ಹುರಿಯ ಹೊರಗೆ ಇರುವ ಗಡ್ಡೆಗಳಲ್ಲಿ ಮೆನಿಂಜಿಯೋಮ ಮತ್ತು ಶ್ವಾನೋಮ ಮುಖ್ಯವಾದವು. ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ವರ್ಷಗಟ್ಟಲೆ ನಿಧಾನವಾಗಿ ಬೆಳೆದು ಹುರಿಯನ್ನು ಪಕ್ಕಕ್ಕೆ ಒತ್ತುತ್ತವೆ. ಮೆನಿಂಜಿಯೋಮ ಮಧ್ಯವಯಸ್ಸು ದಾಟಿದ ಹೆಂಗಸರಲ್ಲಿ, ಎದೆಮಟ್ಟದ ಬೆನ್ನಿನಲ್ಲಿ ಹೆಚ್ಚು. ಶ್ವಾನೋಮ ನರದ ಬೇರಿನಿಂದ ಹುಟ್ಟುತ್ತದೆ. ಬಹಳಷ್ಟು ರೋಗಿಗಳಲ್ಲಿ ಇವನ್ನು ಪೂರ್ತಿ ತೆಗೆಯಲು ಸಾಧ್ಯ, ಮತ್ತೆ ಬೆಳೆಯುವುದು ಕೆಲವರಲ್ಲಷ್ಟೇ. ಇಡೀ ನರಶಸ್ತ್ರಚಿಕಿತ್ಸೆಯಲ್ಲೇ ತುಂಬ ತೃಪ್ತಿ ಕೊಡುವ ಫಲಗಳು ಇಲ್ಲಿ ಸಿಗುತ್ತವೆ. ಇಂಥ ವರದಿ ಹಿಡಿದುಕೊಂಡು ಹೆದರಿ ಕೂತವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹುರಿಯ ಒಡಲಲ್ಲೇ ಬೆಳೆಯುವ ಎಪೆಂಡಿಮೋಮ, ಆಸ್ಟ್ರೋಸೈಟೋಮ, ಹಿಮಾಂಜಿಯೋಬ್ಲಾಸ್ಟೋಮ ಕಷ್ಟದವು. ಗಡ್ಡೆಯನ್ನು ತಲುಪಲು ಹುರಿಯನ್ನೇ, ಸಾಮಾನ್ಯವಾಗಿ ಅದರ ಬೆನ್ನಿನ ನಡುಗೆರೆಯಲ್ಲಿ, ಬಿಡಿಸಬೇಕು. ಎಪೆಂಡಿಮೋಮಕ್ಕೆ ಹೆಚ್ಚಾಗಿ ಸ್ಪಷ್ಟವಾದ ಅಂಚು ಇರುವುದರಿಂದ ಅದನ್ನು ಇಡಿಯಾಗಿ ಬಿಡಿಸಿ ತೆಗೆಯುವ ಅವಕಾಶ ಹೆಚ್ಚು. ಆಸ್ಟ್ರೋಸೈಟೋಮ ನರಕೋಶಗಳ ನಡುವೆ ಹಬ್ಬಿಕೊಂಡಿರುತ್ತದೆ. ಅಲ್ಲಿ ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೇ ಶಸ್ತ್ರಚಿಕಿತ್ಸಕರಿಗೆ ದೊಡ್ಡ ಪ್ರಶ್ನೆ. ಸ್ವಲ್ಪ ಉಳಿಸಿ ಬಂದರೆ ಅದನ್ನು ಸೋಲು ಎಂದು ತಿಳಿಯಬಾರದು.

ಮೂರನೆಯದು, ಮೂಳೆಯ ಗಡ್ಡೆಗಳು. ವಯಸ್ಕರಲ್ಲಿ ಇವುಗಳಲ್ಲಿ ಹೆಚ್ಚಿನವು ಬೇರೆಡೆಯಿಂದ ಹರಡಿ ಬಂದ ಕ್ಯಾನ್ಸರ್: ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಮೂತ್ರಪಿಂಡ, ಥೈರಾಯ್ಡ್. ಮೈಲೋಮ, ಲಿಂಫೋಮ ಎಂಬ ರಕ್ತಸಂಬಂಧಿ ಕ್ಯಾನ್ಸರ್‌ಗಳೂ ಇಲ್ಲಿ ಕಾಣಿಸಿಕೊಳ್ಳುತ್ತವೆ. ಇಲ್ಲಿ ಶಸ್ತ್ರಚಿಕಿತ್ಸೆಯ ಗುರಿ ಹೆಚ್ಚಾಗಿ ಕಾಯಿಲೆಯನ್ನು ಬೇರುಸಹಿತ ಕೀಳುವುದಾಗಿರುವುದಿಲ್ಲ. ಹುರಿಯ ಮೇಲಿನ ಒತ್ತಡ ಇಳಿಸುವುದು, ಕುಸಿದ ಮೂಳೆಗೆ ಸ್ಕ್ರೂ, ರಾಡುಗಳ ಆಧಾರ ಕೊಡುವುದು, ನೋವು ತಗ್ಗಿಸುವುದು, ಉಳಿದ ದಿನಗಳಲ್ಲಿ ತನ್ನ ಕಾಲ ಮೇಲೆ ತಾನು ನಡೆದು ಬಚ್ಚಲಿಗೆ ಹೋಗುವಷ್ಟು ಶಕ್ತಿ ಉಳಿಸುವುದು. ಇದು ಸಣ್ಣ ಗುರಿಯಲ್ಲ.

ಅಮೆರಿಕದ ರಾಯ್ ಪ್ಯಾಚೆಲ್ ಮತ್ತು ಸಂಗಡಿಗರು 101 ರೋಗಿಗಳ ಅಧ್ಯಯನವೊಂದನ್ನು 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹರಡಿದ ಕ್ಯಾನ್ಸರ್ ಹುರಿಯನ್ನು ಒತ್ತುತ್ತಿದ್ದ ಈ ರೋಗಿಗಳಲ್ಲಿ ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ ಮಾಡಿ ಆಮೇಲೆ ವಿಕಿರಣ ಕೊಟ್ಟರು, ಇನ್ನೊಂದು ಗುಂಪಿಗೆ ವಿಕಿರಣ ಮಾತ್ರ. ಚಿಕಿತ್ಸೆಯ ನಂತರ ಮೊದಲ ಗುಂಪಿನಲ್ಲಿ ನೂರಕ್ಕೆ 84 ಮಂದಿ ನಡೆಯಬಲ್ಲವರಾಗಿದ್ದರು, ಎರಡನೆಯದರಲ್ಲಿ 57 ಮಂದಿ. ನಡೆಯುವ ಶಕ್ತಿ ಉಳಿದ ಅವಧಿಯ ಮಧ್ಯಮಾಂಕ ಮೊದಲ ಗುಂಪಿನಲ್ಲಿ 122 ದಿನ, ಎರಡನೆಯದರಲ್ಲಿ 13 ದಿನ. ಬರುವಾಗಲೇ ನಡೆಯಲಾಗದಿದ್ದವರಲ್ಲಿ ಮತ್ತೆ ನಡೆದವರು ಮೊದಲ ಗುಂಪಿನಲ್ಲಿ ನೂರಕ್ಕೆ 62, ಎರಡನೆಯದರಲ್ಲಿ 19. ಆದರೆ ಈ ಅಧ್ಯಯನಕ್ಕೆ ಎಲ್ಲರನ್ನೂ ಸೇರಿಸಿಕೊಂಡಿರಲಿಲ್ಲ: ಕಾಲುಗಳ ಸ್ವಾಧೀನ ಪೂರ್ತಿ ತಪ್ಪಿ 48 ಗಂಟೆ ದಾಟಿದವರನ್ನು ಹೊರಗಿಟ್ಟಿದ್ದರು, ಕನಿಷ್ಠ ಮೂರು ತಿಂಗಳು ಬದುಕುವ ನಿರೀಕ್ಷೆ ಇದ್ದವರನ್ನು ಮಾತ್ರ ತೆಗೆದುಕೊಂಡಿದ್ದರು. ವಿಕಿರಣಕ್ಕೆ ಬೇಗ ಕರಗುವ ಲಿಂಫೋಮ, ಮೈಲೋಮಗಳನ್ನೂ ಸೇರಿಸಿರಲಿಲ್ಲ. ಆದ್ದರಿಂದ ‘ನಮ್ಮವರಿಗೂ ನೂರಕ್ಕೆ 84’ ಎಂದು ನೇರವಾಗಿ ಲೆಕ್ಕ ಹಾಕಬೇಡಿ.

ಹಂತ 2: ಇಂದಿನ ಸ್ಥಿತಿಯನ್ನು ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಂಡು ದಿನಾಂಕ ಹಾಕಿ, ರೋಗಿ ಈಗ ಏನೇನು ಮಾಡಬಲ್ಲರು ಎಂದು ಬರೆಯಿರಿ. ವೈದ್ಯರ ಕಡತದಲ್ಲಿ ಇದು ‘ಪವರ್ 4/5’ ಎಂದಿರುತ್ತದೆ. 5 ಎಂದರೆ ಪೂರ್ತಿ ಬಲ, 4 ಎಂದರೆ ಒತ್ತಿ ಹಿಡಿದರೂ ಸ್ವಲ್ಪ ಎದುರಿಸಬಲ್ಲ ಬಲ, 3 ಎಂದರೆ ತನ್ನ ಭಾರವನ್ನಷ್ಟೇ ಎತ್ತಬಲ್ಲ ಬಲ, 2 ಎಂದರೆ ಹಾಸಿಗೆಯ ಮೇಲೆ ಅತ್ತಿತ್ತ ಸರಿಸಬಲ್ಲದು, 1 ಎಂದರೆ ಸ್ನಾಯು ಮಿಡಿಯುತ್ತದೆ ಅಷ್ಟೇ, 0 ಎಂದರೆ ಏನೂ ಇಲ್ಲ. ಮನೆಯವರ ಕಣ್ಣಿಗೆ ಕಾಣುವುದು ಬೇರೆ ರೀತಿಯದು, ಅದಕ್ಕೂ ಅಷ್ಟೇ ಬೆಲೆಯಿದೆ.

ನಡೆಯುವಾಗ ಕಾಲಿನಿಂದ ಚಪ್ಪಲಿ ಜಾರುತ್ತದೆಯೇ? ಜಾರಿದ್ದು ಅವರಿಗೆ ಗೊತ್ತಾಗುತ್ತದೆಯೇ, ಬೇರೆಯವರು ಹೇಳಿದ ಮೇಲೆ ತಿಳಿಯುತ್ತದೆಯೇ? ಗೊತ್ತಾಗಿಯೂ ಜಾರಿದರೆ ಬಲ ಕಡಿಮೆಯಾಗಿದೆ ಎಂದರ್ಥ. ಗೊತ್ತೇ ಆಗದೆ ಜಾರಿದರೆ ಸ್ಪರ್ಶದ ಅರಿವು ಕುಂದಿದೆ. ಮುಖ ತೊಳೆಯಲು ಕಣ್ಣು ಮುಚ್ಚಿದರೆ ಮೈ ಓಲಾಡುತ್ತದೆಯೇ? ಹಾಗಾದರೆ ಕಾಲು ಎಲ್ಲಿದೆ ಎಂಬ ಸುದ್ದಿ ಮೆದುಳಿಗೆ ಸರಿಯಾಗಿ ತಲುಪುತ್ತಿಲ್ಲ. ನೆಲ ಹತ್ತಿಯ ಹಾಗಿದೆ ಎನ್ನುತ್ತಾರೆಯೇ? ಕುಕ್ಕರಗಾಲಿನಲ್ಲಿ ಕೂತವರು ಕೈಯೂರದೆ ಏಳುತ್ತಾರೆಯೇ? ಕುತ್ತಿಗೆಯ ಗಡ್ಡೆಯಾದರೆ ಅಂಗಿಯ ಗುಂಡಿ ಹಾಕುವುದು, ಅನ್ನ ಕಲಸುವುದು, ಸಹಿ ಮಾಡುವುದು ಹೇಗಿದೆ ನೋಡಿ. ಮೂತ್ರ ಶುರುವಾಗಲು ಎಷ್ಟು ಹೊತ್ತು ಬೇಕು, ತಡೆಯಲು ಆಗುತ್ತದೆಯೇ, ಮಲ ಹೋದದ್ದು ತಿಳಿಯುತ್ತದೆಯೇ ಎಂದು ಸಂಕೋಚ ಬಿಟ್ಟು ಕೇಳಿ. ಹತ್ತು ಹೆಜ್ಜೆ ನಡೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಡಿ.

ಇಷ್ಟೆಲ್ಲ ಏಕೆಂದರೆ, ಶಸ್ತ್ರಚಿಕಿತ್ಸೆಯ ನಂತರ ‘ಮೊದಲಿಗಿಂತ ಉತ್ತಮವೋ, ಹಾಳೋ’ ಎಂಬ ಪ್ರಶ್ನೆಗೆ ನೆನಪಿನ ಆಧಾರದ ಮೇಲೆ ಯಾರೂ ಸರಿಯಾದ ಉತ್ತರ ಕೊಡಲಾರರು. ವೈದ್ಯರು ಮೆಕಾರ್ಮಿಕ್ ಎಂಬ ಶ್ರೇಣಿಯನ್ನು ಬಳಸುತ್ತಾರೆ: 1 ಎಂದರೆ ಬಹುತೇಕ ಸಹಜ, 2 ಎಂದರೆ ತೊಂದರೆಯಿದ್ದರೂ ತಾವೇ ನಡೆಯುವವರು, 3 ಎಂದರೆ ಕೋಲು ಅಥವಾ ಆಸರೆ ಬೇಕು, 4 ಎಂದರೆ ಗಾಲಿಕುರ್ಚಿ. ನಿಮ್ಮ ರೋಗಿ ಯಾವ ಶ್ರೇಣಿಯಲ್ಲಿದ್ದಾರೆ ಎಂದು ಈಗಲೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಹಂತ 3: ಕಾಯಬಹುದೇ, ಇಂದೇ ಹೋಗಬೇಕೇ?

ಕಾಲಿನ ಬಲ ಗಂಟೆಗಂಟೆಗೆ ಅಥವಾ ದಿನದಿನಕ್ಕೆ ಇಳಿಯುತ್ತಿದ್ದರೆ, ಮೂತ್ರ ಕಟ್ಟಿಕೊಂಡರೆ, ಎರಡೂ ತೊಡೆಗಳ ನಡುವೆ, ಆಸನದ ಭಾಗದಲ್ಲಿ ಮರಗಟ್ಟಿದರೆ ಅದು ತುರ್ತು. ಹೊರರೋಗಿ ವಿಭಾಗದ ಚೀಟಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ನರಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕ್ಯಾನ್ಸರ್ ಇತಿಹಾಸವಿರುವವರಿಗೆ ಹೊಸದಾಗಿ ಬೆನ್ನುನೋವು ಬಂದು, ಮಲಗಿದಾಗ ಹೆಚ್ಚಾಗಿ ರಾತ್ರಿ ಎಚ್ಚರಿಸುತ್ತಿದ್ದರೆ ಕಾಲು ಸೋಲುವವರೆಗೆ ಕಾಯದೆ ಎಂಆರ್‌ಐ ಮಾಡಿಸಬೇಕು. ಇಂಥ ಬೆನ್ನಿಗೆ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದು, ನಟಿಕೆ ತೆಗೆಸುವುದು ಖಂಡಿತ ಬೇಡ. ಒಳಗೆ ಟೊಳ್ಳಾದ ಮಣಿ ಕುಸಿದುಬಿಡಬಹುದು.

ಬಲ ಚೆನ್ನಾಗಿದ್ದು ನಿಧಾನವಾಗಿ ಬೆಳೆಯುವ ಗಡ್ಡೆಯಾದರೆ ಎರಡನೆಯ ಅಭಿಪ್ರಾಯ ಪಡೆಯಲು ಸಮಯವಿದೆ, ಪಡೆಯಿರಿ. ಯಾವ ತೊಂದರೆಯೂ ಇಲ್ಲದೆ ಬೇರೆ ಕಾರಣಕ್ಕೆ ತೆಗೆದ ಚಿತ್ರದಲ್ಲಿ ಕಂಡ ಸಣ್ಣ ಗಡ್ಡೆಯನ್ನು ಎಂಆರ್‌ಐ ಮೂಲಕ ಗಮನಿಸುತ್ತ ಇರುವುದೂ ಒಂದು ಸರಿಯಾದ ದಾರಿಯೇ.

ಹಂತ 4: ಗಡ್ಡೆಯೇ ಎಂದು ಖಚಿತವಾಯಿತೇ?

ನಮ್ಮ ದೇಶದಲ್ಲಿ ಈ ಹಂತವನ್ನು ಹಾರಿಸಲೇಬಾರದು. ಬೆನ್ನುಮೂಳೆಯ ಕ್ಷಯ ಎಂಆರ್‌ಐಯಲ್ಲಿ ಕ್ಯಾನ್ಸರಿನಂತೆ ಕಾಣಿಸಬಹುದು, ಕ್ಯಾನ್ಸರ್ ಕ್ಷಯದಂತೆಯೂ ಕಾಣಿಸಬಹುದು. ಸಾಮಾನ್ಯವಾಗಿ ಕ್ಷಯ ಎರಡು ಮಣಿಗಳ ನಡುವಿನ ಡಿಸ್ಕನ್ನೂ ಕೆಡಿಸುತ್ತದೆ, ಕ್ಯಾನ್ಸರ್ ಹೆಚ್ಚಾಗಿ ಡಿಸ್ಕನ್ನು ಬಿಟ್ಟಿರುತ್ತದೆ. ಆದರೆ ಇದಕ್ಕೆ ಅಪವಾದಗಳೂ ಇವೆ. ಚಿತ್ರ ನೋಡಿಯೇ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸುವುದಾಗಲಿ, ಕ್ಯಾನ್ಸರ್ ಎಂದು ಕೈಚೆಲ್ಲುವುದಾಗಲಿ ಅನ್ಯಾಯ. ಮೂಳೆಯ ಗಡ್ಡೆಯಾದರೆ ಸಿಟಿ ಸ್ಕ್ಯಾನಿನ ಸಹಾಯದಿಂದ ಸೂಜಿ ಹಾಕಿ ಬಯಾಪ್ಸಿ, ಅಂದರೆ ಗಡ್ಡೆಯ ತುಣುಕು ತೆಗೆದು ಪರೀಕ್ಷೆ, ಮಾಡಬಹುದೇ ಎಂದು ಕೇಳಿ. ಲಿಂಫೋಮವೋ ಮೈಲೋಮವೋ ಎಂದು ಗೊತ್ತಾದರೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಡವಾಗಿ ಔಷಧ, ವಿಕಿರಣದಲ್ಲೇ ಒತ್ತಡ ಇಳಿಯಬಹುದು. ಹುರಿಯೊಳಗಿನ ಗಡ್ಡೆಗಳಿಗೆ ಮೊದಲೇ ಸೂಜಿ ಹಾಕುವುದಿಲ್ಲ. ತೆಗೆದ ಮೇಲೆ ಪರೀಕ್ಷೆ.

ಒಂದು ಕಡೆ ಗಡ್ಡೆ ಕಂಡಿತೆಂದು ಅಷ್ಟೇ ಭಾಗದ ಚಿತ್ರಕ್ಕೆ ತೃಪ್ತರಾಗಬೇಡಿ. ಗಡ್ಡೆ ಎದ್ದು ಕಾಣಿಸುವ ಕಾಂಟ್ರಾಸ್ಟ್ ಮದ್ದು ಕೊಟ್ಟು ಇಡೀ ಬೆನ್ನಿನ ಎಂಆರ್‌ಐ ಮಾಡಿಸುವ ಅಗತ್ಯವಿದೆಯೇ ಎಂದು ಕೇಳಿ. ಬೇರೆ ಮಟ್ಟದಲ್ಲಿ ಇನ್ನೊಂದು ಅಡಗಿರಬಹುದು.

ಹಂತ 5: ಶಸ್ತ್ರಚಿಕಿತ್ಸಕರ ಎದುರು ಕೂತಾಗ

ಸಹಿ ಹಾಕುವ ಕಾಗದ ಕೈಗೆ ಬರುವ ಮೊದಲೇ ಈ ಮಾತುಕತೆ ಆಗಬೇಕು. ‘ಅಪಾಯ ಇದೆಯೇ?’ ಎಂದು ಕೇಳಿದರೆ ‘ಇದೆ’ ಎಂಬ ಉತ್ತರವಷ್ಟೇ ಸಿಗುತ್ತದೆ. ಬದಲಿಗೆ ಹೀಗೆ ಕೇಳಿ: ಗುರಿ ಪೂರ್ತಿ ತೆಗೆಯುವುದೋ, ಒತ್ತಡ ಇಳಿಸುವುದೋ? ಈಗಿನ ಸ್ಥಿತಿ ನೋಡಿದರೆ ಆರು ತಿಂಗಳ ನಂತರ ಇವರು ಹೇಗಿರಬಹುದು? ಮೊದಲ ವಾರ ಈಗಿಗಿಂತ ಹಾಳಾಗುವ ಸಾಧ್ಯತೆ ಇದೆಯೇ? ಎಷ್ಟು ಮೂಳೆ ತೆಗೆಯುತ್ತೀರಿ, ಸ್ಕ್ರೂ ಬೇಕೇ? ಇಂಥ ಶಸ್ತ್ರಚಿಕಿತ್ಸೆ ಇಲ್ಲಿ ಎಷ್ಟು ಸಲ ಆಗುತ್ತದೆ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ.

ನರಗಳ ಮೇಲ್ವಿಚಾರಣೆ ಇದೆಯೇ ಎಂದೂ ಕೇಳಿ. ರೋಗಿ ಅರಿವಳಿಕೆಯಲ್ಲಿರುವಾಗ ಮೆದುಳಿನಿಂದ ಕಾಲಿಗೆ, ಕಾಲಿನಿಂದ ಮೆದುಳಿಗೆ ಹೋಗುವ ವಿದ್ಯುತ್ ಸಂಕೇತಗಳನ್ನು ಯಂತ್ರದಲ್ಲಿ ನೋಡುತ್ತಿರುತ್ತಾರೆ. ಸಂಕೇತ ಕುಗ್ಗಿದೊಡನೆ ಶಸ್ತ್ರಚಿಕಿತ್ಸಕರು ಕೈ ನಿಲ್ಲಿಸುತ್ತಾರೆ, ರಕ್ತದೊತ್ತಡ ಏರಿಸುತ್ತಾರೆ, ಸಂಕೇತ ಮರಳುವವರೆಗೆ ಕಾಯುತ್ತಾರೆ. ಹುರಿಯ ಒಡಲಿನ ಗಡ್ಡೆಗೆ ಇದು ಇರಲೇಬೇಕು ಎಂಬುದು ನನ್ನ ನಿಲುವು. ಮೂಳೆಯ ಒತ್ತಡ ಇಳಿಸುವ ತುರ್ತು ಶಸ್ತ್ರಚಿಕಿತ್ಸೆಗೆ ಇದಿಲ್ಲವೆಂದು ತಡಮಾಡುವುದು ಸರಿಯಲ್ಲ.

ಮೂತ್ರಪಿಂಡ ಮತ್ತು ಥೈರಾಯ್ಡ್‌ನಿಂದ ಹರಡಿದ ಗಡ್ಡೆಗಳಲ್ಲಿ ರಕ್ತನಾಳಗಳು ತುಂಬಿರುತ್ತವೆ. ಶಸ್ತ್ರಚಿಕಿತ್ಸೆಗೆ ಮುನ್ನ ಆ ನಾಳಗಳನ್ನು ಮುಚ್ಚುವ ಎಂಬೊಲೈಸೇಷನ್ ಮಾಡಿದರೆ ರಕ್ತಸ್ರಾವ ಬಹಳ ತಗ್ಗುತ್ತದೆ.

ಸರಿಯಾದ ಮಟ್ಟವನ್ನು ಗುರುತಿಸುವ ವಿಷಯಕ್ಕೆ ಒಂದು ಇತಿಹಾಸವಿದೆ. ಬೆನ್ನುಹುರಿಯ ಗಡ್ಡೆಯನ್ನು ಮೊದಲು ಯಶಸ್ವಿಯಾಗಿ ತೆಗೆದದ್ದು 1887ರ ಜೂನ್‌ನಲ್ಲಿ, ಲಂಡನ್ನಿನಲ್ಲಿ, ವಿಕ್ಟರ್ ಹಾರ್ಸ್ಲಿ. ಎಕ್ಸ್‌ರೇ ಇನ್ನೂ ಹುಟ್ಟಿರಲಿಲ್ಲ. ವಿಲಿಯಂ ಗೌವರ್ಸ್ ಎಂಬ ನರವೈದ್ಯರು ರೋಗಿಯ ಮೈಮುಟ್ಟಿ ನೋಡಿಯೇ ಜಾಗ ಹೇಳಿದ್ದರು. ಹಾರ್ಸ್ಲಿ ತೆರೆದಾಗ ಮೊದಲು ಗಡ್ಡೆ ಕಾಣಲಿಲ್ಲ, ಇನ್ನೂ ಮೇಲಿನ ಮೂಳೆ ತೆಗೆದಾಗ ಸಿಕ್ಕಿತು. ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಆ ಸೇನಾಧಿಕಾರಿ ಮತ್ತೆ ನಡೆದರು. ಇಂದು ಥಿಯೇಟರಿನಲ್ಲೇ ಎಕ್ಸ್‌ರೇ ತೆಗೆದು ಮಣಿಗಳನ್ನು ಎಣಿಸಿ ಮಟ್ಟ ಖಚಿತಪಡಿಸಿಕೊಳ್ಳುತ್ತಾರೆ. ನಿಮ್ಮ ಹಳೆಯ ಎಲ್ಲ ಚಿತ್ರಗಳನ್ನೂ ಸಿಡಿ ಸಮೇತ ಒಯ್ಯಿರಿ ಎಂದು ಹೇಳುವುದು ಇದಕ್ಕೇ.

ಹಂತ 6: ಹಣ, ಔಷಧ, ರಕ್ತ

ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಶಿಫಾರಸು ಪತ್ರ ಪಡೆದು ಮುಂದೆ ಹೋಗಬೇಕು. ಸ್ಕ್ರೂ, ರಾಡು, ನರಗಳ ಮೇಲ್ವಿಚಾರಣೆಯ ಖರ್ಚು ಪ್ಯಾಕೇಜಿನೊಳಗೆ ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆಯ ಜೊತೆಗೆ ನರ ಪುನಶ್ಚೇತನ ವಿಭಾಗವೂ ಇದೆ. ಹರಡಿದ ಕ್ಯಾನ್ಸರಿನ ವಿಕಿರಣ, ಔಷಧ ಚಿಕಿತ್ಸೆಗೆ ಕಿದ್ವಾಯಿ ಸಂಸ್ಥೆ ಇದೆ.

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ನಾಟಿ ಔಷಧಗಳನ್ನೂ ಮುಚ್ಚಿಡಬೇಡಿ. ಡೆಕ್ಸಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಟ್ಟಿದ್ದರೆ ಅದು ಹುರಿಯ ಊತ ಇಳಿಸಲು. ಅದರಿಂದ ಸಕ್ಕರೆ ಏರುತ್ತದೆ, ಹೊಟ್ಟೆ ಉರಿಯುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. ಕೆಲವು ದಿನ ತೆಗೆದುಕೊಂಡ ಮೇಲೆ ಅದನ್ನು ಥಟ್ಟನೆ ನಿಲ್ಲಿಸುವಂತಿಲ್ಲ, ಇಳಿಸುತ್ತ ಬರಬೇಕು. ಬೀಡಿ, ಸಿಗರೇಟು ಇಂದಿಗೇ ನಿಲ್ಲಲಿ.

ಹಂತ 7: ಮೊದಲ ಮೂರು ದಿನ

ಅರಿವಳಿಕೆ ಇಳಿದೊಡನೆ ವೈದ್ಯರು ‘ಕಾಲ್ಬೆರಳು ಆಡಿಸಿ’ ಎನ್ನುತ್ತಾರೆ. ಆ ಕ್ಷಣದ ಬಲ ಎಷ್ಟು ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇಲ್ಲಿಂದ ಮುಂದೆ ಎಲ್ಲ ಹೋಲಿಕೆಯೂ ಆ ಸಂಖ್ಯೆಗೇ.

ಬೇಗ ಗುರುತಿಸಬೇಕಾದ ತೊಡಕು ರಕ್ತ ಹೆಪ್ಪುಗಟ್ಟಿ ಹುರಿಯನ್ನು ಒತ್ತುವುದು. ಬೆರಳಾಡಿಸುತ್ತಿದ್ದವರು ಕೆಲವು ಗಂಟೆಗಳಲ್ಲಿ ಆಡಿಸಲಾರದಂತಾದರೆ, ಬೆನ್ನಿನಲ್ಲಿ ತಡೆಯಲಾಗದ ಹೊಸ ನೋವು ಶುರುವಾದರೆ, ಮರಗಟ್ಟುವಿಕೆ ಮೇಲೇರುತ್ತಿದ್ದರೆ ಅದೇ ಕ್ಷಣ ನರ್ಸ್‌ಗೆ, ಕರ್ತವ್ಯದಲ್ಲಿರುವ ವೈದ್ಯರಿಗೆ ಹೇಳಿ. ರಾತ್ರಿ ಎರಡು ಗಂಟೆಯಾದರೂ ಸರಿ. ಬೆಳಗಿನ ಸುತ್ತಿನವರೆಗೆ ಕಾಯುವುದು ಬೇಡ. ಕೂಡಲೇ ಮತ್ತೆ ತೆರೆದು ಹೆಪ್ಪು ತೆಗೆದರೆ ಬಲ ಮರಳುವ ಅವಕಾಶ ಚೆನ್ನಾಗಿರುತ್ತದೆ, ಗಂಟೆಗಳು ಕಳೆದಂತೆ ಅದು ಕಡಿಮೆಯಾಗುತ್ತ ಹೋಗುತ್ತದೆ.

ಹುರಿಯ ಒಡಲಿನ ಗಡ್ಡೆ ತೆಗೆಸಿಕೊಂಡವರ ಕಥೆ ಬೇರೆ. ಎದ್ದಾಗಲೇ ಕಾಲು ಮೊದಲಿಗಿಂತ ದುರ್ಬಲವಾಗಿರಬಹುದು, ನೆಲದ ಅರಿವು ಕಡಿಮೆಯಾಗಿರಬಹುದು. ಹುರಿಯ ಹಿಂಭಾಗದಲ್ಲಿ ಹಾದುಹೋಗುವ ನರತಂತುಗಳೇ ಈ ಅರಿವನ್ನು ಒಯ್ಯುವವು. ದಾರಿ ಮಾಡಿದ್ದು ಅವುಗಳ ನಡುವೆಯೇ. ಬಹಳ ಜನರಲ್ಲಿ ಇದು ವಾರಗಳಲ್ಲಿ, ತಿಂಗಳುಗಳಲ್ಲಿ ಸುಧಾರಿಸುತ್ತದೆ, ಕೆಲವರಲ್ಲಿ ಒಂದಷ್ಟು ಶಾಶ್ವತವಾಗಿ ಉಳಿಯುತ್ತದೆ. ಇದನ್ನು ಮೊದಲೇ ತಿಳಿದ ಮನೆಯವರು ಧೃತಿಗೆಡುವುದಿಲ್ಲ. ರೋಗಿಗೂ ಮೊದಲೇ ಹೇಳಿರಬೇಕು; ಅವರಿಂದ ಮುಚ್ಚಿಡುವ ಹಕ್ಕು ನಮಗಿಲ್ಲ.

ಮಗ್ಗುಲು ಬದಲಿಸುವ ಕ್ರಮವನ್ನು ನರ್ಸ್‌ಗಳಿಂದ ನೋಡಿ ಕಲಿಯಿರಿ. ರೋಗಿಯ ಅಡಿಯಲ್ಲಿ ಮಡಚಿದ ಹೊದಿಕೆ ಹಾಸಿರಬೇಕು. ಒಬ್ಬರು ಭುಜದ ಬಳಿ, ಇನ್ನೊಬ್ಬರು ಸೊಂಟದ ಬಳಿ ಹೊದಿಕೆಯ ಅಂಚನ್ನು ಹಿಡಿದು, ಒಂದೇ ಎಣಿಕೆಗೆ ಇಡೀ ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಬೇಕು. ಭುಜ ಮುಂದೆ, ಸೊಂಟ ಹಿಂದೆ ಆಗಬಾರದು. ಕುತ್ತಿಗೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ತಲೆ ಹಿಡಿಯಲು ಮೂರನೆಯವರು ಬೇಕು. ಬೆನ್ನ ಹಿಂದೆ ಒಂದು ದಿಂಬು, ಮಂಡಿಗಳ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಅಡಿಯಲ್ಲಿ ಒಂದು. ಕಾಲಿನ ಅರಿವಿಲ್ಲದವರಿಗೆ ಎರಡು ಗಂಟೆಗೊಮ್ಮೆ ಇದಾಗಬೇಕು. ಪ್ರತಿ ಸಲವೂ ಮೊಬೈಲ್ ಟಾರ್ಚ್ ಹಿಡಿದು ತ್ರಿಕಾಸ್ಥಿ (ಬೆನ್ನುಮೂಳೆಯ ಕೆಳತುದಿಯ ಬಳಿಯ ಮೂಳೆ), ಸೊಂಟದ ಎರಡು ಬದಿ, ಹಿಮ್ಮಡಿ ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೂ ಮಾಸದ ಕೆಂಪು ಅಥವಾ ಕಪ್ಪು ಕಂಡರೆ ಹಾಸಿಗೆ ಹುಣ್ಣು ಆರಂಭವಾಗಿದೆ ಎಂದೇ ತಿಳಿಯಿರಿ. ಆ ಜಾಗದ ಮೇಲೆ ಇನ್ನು ಭಾರ ಬೀಳಬಾರದು.

ಒಂದೇ ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಉಜ್ಜಬೇಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆ ನೋಯತೊಡಗಿದರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, ಪ್ರಾಣಾಪಾಯ. ಇದನ್ನು ತಡೆಯಲು ಕಾಲುಚೀಲ, ಸೂಜಿಮದ್ದು, ಬೇಗ ಎಬ್ಬಿಸಿ ಕೂರಿಸುವುದು ಎಲ್ಲವೂ ಇವೆ. ‘ಪಾಪ, ಮಲಗಿರಲಿ’ ಎಂಬ ಕನಿಕರ ಇಲ್ಲಿ ಕೆಲಸಕ್ಕೆ ಬಾರದು.

ಹಂತ 8: ಗಾಯ ಮತ್ತು ಸೋರಿಕೆ

ಡ್ಯೂರಾ ಚೀಲ ತೆರೆದು ಹೊಲಿದ ಶಸ್ತ್ರಚಿಕಿತ್ಸೆಗಳಲ್ಲಿ ಆಗಾಗ ಕಾಣುವ ತೊಡಕು ಸಿಎಸ್‌ಎಫ್ ಸೋರಿಕೆ. ಡ್ರೆಸ್ಸಿಂಗ್ ಪದೇ ಪದೇ ನೀರಿನಂತೆ ಒದ್ದೆಯಾಗುತ್ತದೆ, ಅಥವಾ ಹೊಲಿಗೆಯ ಅಡಿ ಮೆತ್ತನೆಯ ಉಬ್ಬು ಕಾಣುತ್ತದೆ. ಕೂತರೆ ತಲೆ ಸಿಡಿಯುತ್ತದೆ, ಮಲಗಿದರೆ ಇಳಿಯುತ್ತದೆ. ಬೆವರು ಎಂದು ಬಟ್ಟೆ ಬದಲಿಸಿ ಸುಮ್ಮನಾಗಬೇಡಿ, ಒದ್ದೆಯಾದ ಡ್ರೆಸ್ಸಿಂಗನ್ನು ವೈದ್ಯರಿಗೆ ತೋರಿಸಿ. ಕೆಲವು ದಿನ ಮಲಗಿರುವುದು, ಇನ್ನೊಂದು ಹೊಲಿಗೆ, ಸೊಂಟದಲ್ಲಿ ಸಣ್ಣ ಕೊಳವೆ ಇಟ್ಟು ದ್ರವ ಇಳಿಸುವುದು, ಬೇಕಾದರೆ ಮತ್ತೆ ತೆರೆದು ಮುಚ್ಚುವುದು, ಹೀಗೆ ಪರಿಹಾರಗಳಿವೆ. ನಿರ್ಲಕ್ಷಿಸಿದರೆ ಅದೇ ದಾರಿಯಲ್ಲಿ ಸೋಂಕು ಒಳಗೆ ಹೋಗಿ ಮೆನಿಂಜೈಟಿಸ್ ಆಗುತ್ತದೆ: ಜ್ವರ, ಕುತ್ತಿಗೆ ಬಿಗಿತ, ಬೆಳಕು ಕಂಡರೆ ಆಗದಿರುವುದು, ಮಂಪರು.

ಗಾಯದ ಸೋಂಕು ಮನೆಗೆ ಬಂದ ಮೇಲೂ ಕಾಣಿಸಿಕೊಳ್ಳಬಹುದು. ಸಕ್ಕರೆ ಕಾಯಿಲೆಯವರು, ಸ್ಟೆರಾಯ್ಡ್ ತೆಗೆದುಕೊಳ್ಳುವವರು, ಮೊದಲೇ ಆ ಜಾಗಕ್ಕೆ ವಿಕಿರಣ ಪಡೆದವರು ಹೆಚ್ಚು ಎಚ್ಚರ ವಹಿಸಬೇಕು; ವಿಕಿರಣ ತಾಗಿದ ಚರ್ಮ ಹೊಲಿಗೆ ಬಿಟ್ಟು ಬಾಯ್ತೆರೆಯಬಹುದು. ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಕೊಡುವುದಿದ್ದರೂ ಗಾಯ ಮಾಯಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬಿಡುತ್ತಾರೆ. ಅರಿಶಿನ, ತುಪ್ಪ, ಬೂದಿ ಯಾವುದನ್ನೂ ಹೊಲಿಗೆಯ ಮೇಲೆ ಹಚ್ಚಬೇಡಿ.

ಹಂತ 9: ಊರಿಗೆ ಹೋಗುವುದು, ಮನೆಯನ್ನು ಸಿದ್ಧಪಡಿಸುವುದು

ಬೆಂಗಳೂರಿನಿಂದ ಬೀದರ್‌ಗೋ ಕಾರವಾರಕ್ಕೋ ಹೋಗುವ ದಾರಿ ದೊಡ್ಡದು. ಮಲಗಿಕೊಂಡು ಹೋಗುವ ಏರ್ಪಾಡಾಗಲಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಗ್ಗುಲು ಬದಲಿಸಿ, ಮೂತ್ರದ ಚೀಲ ಖಾಲಿ ಮಾಡಿ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು.

ಮೂತ್ರದ ವಿಷಯ ಕ್ಯಾತಿಟರ್ ಎಂಬ ಮೂತ್ರದ ಕೊಳವೆಯೊಂದಿಗೆ ಮುಗಿಯುವುದಿಲ್ಲ. ತಿಂಗಳುಗಟ್ಟಲೆ ಅದನ್ನೇ ಇಟ್ಟುಕೊಂಡರೆ ಸೋಂಕು, ಕಲ್ಲು ಆಗುತ್ತವೆ. ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ತೆಳು ಕೊಳವೆ ಹಾಕಿ ಮೂತ್ರ ತೆಗೆದು ಕೊಳವೆಯನ್ನು ಹೊರತೆಗೆಯುವ ವಿಧಾನವನ್ನು ಅಮೆರಿಕದ ಜ್ಯಾಕ್ ಲ್ಯಾಪಿಡೆಸ್ 1972ರಲ್ಲಿ ಬಳಕೆಗೆ ತಂದರು. ಅದರಿಂದ ಎಷ್ಟೋ ಜನರ ಮೂತ್ರಪಿಂಡ ಉಳಿದಿದೆ. ಕೈ ಚೆನ್ನಾಗಿರುವವರು ಇದನ್ನು ಆಸ್ಪತ್ರೆಯಲ್ಲೇ ಕಲಿತು ಬರಬೇಕು. ಮೊದಮೊದಲು ನಾಚಿಕೆಯಾಗುತ್ತದೆ, ಆಮೇಲೆ ಹಲ್ಲುಜ್ಜುವಷ್ಟು ಸಹಜವಾಗುತ್ತದೆ.

ಅರಿವಿಲ್ಲದ ಕಾಲಿಗೆ ಬಿಸಿನೀರಿನ ಚೀಲ ಇಡಲೇಬೇಡಿ. ಹಂಡೆಯ ನೀರನ್ನು ಮೈಮೇಲೆ ಹಾಕುವ ಮೊದಲು ಅರಿವಿರುವ ಇನ್ನೊಬ್ಬರು ಮೊಣಕೈ ಅದ್ದಿ ನೋಡಬೇಕು. ಸುಟ್ಟಿದ್ದು ರೋಗಿಗೆ ಗೊತ್ತಾಗುವುದಿಲ್ಲ, ಬೊಕ್ಕೆ ಎದ್ದ ಮೇಲೆ ಕಾಣುತ್ತದೆ, ಮಾಯಲು ತಿಂಗಳು ಹಿಡಿಯುತ್ತದೆ. ಒಲೆಯ ಮುಂದೆ ಕೂರುವುದು, ಬಿಸಿಲಿಗೆ ಕಾದ ಅಂಗಳದಲ್ಲಿ ಬರಿಗಾಲಲ್ಲಿ ನಡೆಯುವುದು, ಇವಕ್ಕೂ ಇದೇ ಮಾತು. ಕುಕ್ಕರಗಾಲಿನ ಶೌಚಾಲಯಕ್ಕೆ ನಡುವೆ ತೂತಿರುವ ಕುರ್ಚಿ ಇಟ್ಟರೆ ಸಾಕು. ರಾತ್ರಿ ಬಚ್ಚಲ ದಾರಿಯಲ್ಲಿ ದೀಪ ಉರಿಯುತ್ತಿರಲಿ, ಕಾಲಿನ ಅರಿವು ಕಡಿಮೆಯಿರುವವರು ಕಣ್ಣಿನ ಸಹಾಯದಿಂದಲೇ ನಡೆಯುತ್ತಾರೆ.

ಎದೆಯ ಮೇಲ್ಮಟ್ಟದಲ್ಲಿ ಅಥವಾ ಕುತ್ತಿಗೆಯಲ್ಲಿ ಹುರಿಗೆ ಪೆಟ್ಟಾದವರಿಗೆ ಮೂತ್ರ ತುಂಬಿದಾಗ, ಮಲಬದ್ಧತೆಯಾದಾಗ ಥಟ್ಟನೆ ತಲೆ ಸಿಡಿದು, ಮುಖ ಕೆಂಪಾಗಿ, ಬೆವರು ಸುರಿದು ರಕ್ತದೊತ್ತಡ ಏರಬಹುದು. ಕೂಡಲೇ ಎತ್ತಿ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಕೊಳವೆ ಮಡಚಿದೆಯೇ ನೋಡಿ, ಇಳಿಯದಿದ್ದರೆ ಆಸ್ಪತ್ರೆ.

ಫಿಸಿಯೋಥೆರಪಿಯನ್ನು ಔಷಧದಷ್ಟೇ ನಿಯಮದಿಂದ ಮಾಡಿ. ಹೆಚ್ಚಿನ ಚೇತರಿಕೆ ಮೊದಲ ಆರು ತಿಂಗಳಲ್ಲಿ ಕಾಣುತ್ತದೆ, ನಿಧಾನವಾಗಿ ಒಂದೆರಡು ವರ್ಷದವರೆಗೂ ಮುಂದುವರಿಯಬಹುದು. ಕೆಲವರಿಗೆ ಬಲ ಬಂದರೂ ಉರಿ, ಜುಮುಜುಮು, ವಿದ್ಯುತ್ ಹೊಡೆದಂಥ ನೋವು ಉಳಿಯುತ್ತದೆ. ಅದು ನರದ ನೋವು. ಸಾಮಾನ್ಯ ನೋವಿನ ಮಾತ್ರೆಗೆ ಬಗ್ಗುವುದಿಲ್ಲ. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲೀನ್‌ನಂಥ ಬೇರೆ ಔಷಧಗಳಿವೆ, ವೈದ್ಯರನ್ನು ಕೇಳಿ. ಮನಸ್ಸಿನ ದುರ್ಬಲತೆ ಎಂದು ಯಾರಾದರೂ ಅಂದರೆ ಒಪ್ಪಬೇಡಿ.

ಹಂತ 10: ಮುಂದಿನ ವರ್ಷಗಳು

ಬಯಾಪ್ಸಿ ವರದಿಯ ಮೂಲ ಪ್ರತಿಯನ್ನು ಜೋಪಾನವಾಗಿಡಿ. ಪೂರ್ತಿ ತೆಗೆದ ಸೌಮ್ಯ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆಗೆ ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಒಂದು ಎಂಆರ್‌ಐ, ಆಮೇಲೆ ವರ್ಷಕ್ಕೊಮ್ಮೆ. ಸ್ವಲ್ಪ ಉಳಿದಿದ್ದರೆ ಇನ್ನೂ ಬೇಗ. ಬೆನ್ನುಹುರಿಯ ತುದಿಯಲ್ಲಿ ಬೆಳೆಯುವ ಮಿಕ್ಸೊಪ್ಯಾಪಿಲರಿ ಎಪೆಂಡಿಮೋಮ ವರ್ಷಗಳ ನಂತರವೂ ಮರಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರ ವರ್ಗೀಕರಣದಲ್ಲಿ ಅದನ್ನು ಒಂದನೆಯ ದರ್ಜೆಯಿಂದ ಎರಡನೆಯದಕ್ಕೆ ಏರಿಸಿತು. ಟೈಟಾನಿಯಂ ಸ್ಕ್ರೂ ಹಾಕಿದವರಿಗೆ ಎಂಆರ್‌ಐ ಮಾಡುವಂತಿಲ್ಲ ಎಂಬುದು ತಪ್ಪು ತಿಳಿವಳಿಕೆ. ಚಿತ್ರದಲ್ಲಿ ಲೋಹದ ಬಳಿ ಮಸುಕಾಗುತ್ತದೆ ಅಷ್ಟೇ.

ಮಕ್ಕಳಲ್ಲಿ ಹಲವು ಮಣಿಗಳ ಹಿಂಬದಿಯ ಮೂಳೆ ತೆಗೆದಿದ್ದರೆ ಬೆಳೆಯುತ್ತ ಬೆನ್ನು ಗೂನಾಗುವ ಅಪಾಯವಿದೆ. ಬೆಳವಣಿಗೆ ಮುಗಿಯುವವರೆಗೆ ನಿಯಮಿತವಾಗಿ ಎಕ್ಸ್‌ರೇ ಬೇಕು. ಮಗು ಚೆನ್ನಾಗಿ ಓಡಾಡುತ್ತಿದೆ ಎಂದು ತಪ್ಪಿಸಬೇಡಿ. ಒಂದಕ್ಕಿಂತ ಹೆಚ್ಚು ಶ್ವಾನೋಮ ಇದ್ದರೆ, ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ ನ್ಯೂರೋಫೈಬ್ರೊಮಟೋಸಿಸ್ ಎಂಬ ವಂಶವಾಹಿ ಕಾಯಿಲೆಯ ಬಗ್ಗೆ, ಒಡಹುಟ್ಟಿದವರ ತಪಾಸಣೆಯ ಬಗ್ಗೆ ಕೇಳಿ.

ಕಾಲಿನ ದೌರ್ಬಲ್ಯ ಶಾಶ್ವತವಾಗಿ ಉಳಿದರೆ ಅಂಗವಿಕಲರ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಬಸ್ ಪಾಸ್, ಮಾಸಾಶನ, ಸಾಧನ ಸಲಕರಣೆ ಎಲ್ಲಕ್ಕೂ ಅದನ್ನೇ ಕೇಳುತ್ತಾರೆ.

ಶಸ್ತ್ರಚಿಕಿತ್ಸೆಯಾಗಿ ಎಷ್ಟು ಕಾಲವಾಗಿದ್ದರೂ ಹಳೆಯ ರಾತ್ರಿ ನೋವು ಮರಳಿದರೆ, ನೋಟ್‌ಬುಕ್ಕಿನಲ್ಲಿ ಬರೆದ ಸ್ಥಿತಿಗಿಂತ ನಡಿಗೆ ಕೆಳಗಿಳಿದರೆ, ಮೂತ್ರದ ಕ್ರಮ ಬದಲಾದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬೇಡಿ. ಹಳೆಯ ಸಿಡಿ, ಬಯಾಪ್ಸಿ ವರದಿ, ಬಿಡುಗಡೆ ಪತ್ರ, ಆ ನೋಟ್‌ಬುಕ್ ಒಂದೇ ಚೀಲದಲ್ಲಿ ಹಾಕಿಕೊಂಡು ಆ ವಾರದಲ್ಲೇ ಹೋಗಿ. ಕಾಲು ಸೋಲುತ್ತಿದ್ದರೆ ಆ ದಿನವೇ.